ಅಘನಾಶಿನಿಯಿಂದ ಕುಡ್ಲೆವರೆಗೆ: ಒಂದೇ ದಿನದಲ್ಲಿ ಕಡಲು ನೋಡುವುದು ಹೇಗೆ

ನನ್ನ ತವರು ಶಿರಸಿ. ಗಂಡನ ಮನೆ ಕುಮಟಾ ತಾಲೂಕಿನ ಅಘನಾಶಿನಿ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ, ಅದೇ ಹೆಸರಿನ ಹೊಳೆ ಘಟ್ಟ ಇಳಿದು ಬಂದು ಕಡಲು ಸೇರುವುದು ನಮ್ಮ ಮನೆಯ ಹತ್ತಿರವೇ. ಮದುವೆಯಾಗಿ ಬಂದ ಹೊಸತರಲ್ಲಿ ತವರಿನ ನೆನಪಾದಾಗ ಅಳಿವೆಯ ಬಾಯಿಗೆ ಹೋಗಿ ನಿಲ್ಲುತ್ತಿದ್ದೆ. ಈ ನೀರು ನನ್ನೂರಿಂದಲೇ ಬಂದದ್ದು ಅನ್ನುವ ಸಮಾಧಾನ. ಹಾಗೆ ನಿಂತು ನಿಂತು ಕಡಲಿನ ಮೇಲೂ ಪ್ರೀತಿ ಹುಟ್ಟಿತು. ಇಪ್ಪತ್ತಾರು ವರ್ಷ ಆಯಿತು.

ಎಂಟು ವರ್ಷದಿಂದ ಮನೆಯ ಎರಡು ಕೋಣೆಗಳನ್ನು ಪ್ರವಾಸಕ್ಕೆ ಬರುವವರಿಗೆ ಕೊಡುತ್ತಿದ್ದೇವೆ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ ಕಡೆಯ ಕುಟುಂಬಗಳು ಜಾಸ್ತಿ. ಬಂದವರು ಬ್ಯಾಗ್ ಇಡುವ ಮೊದಲೇ ಕೇಳುವುದು ಇದೊಂದನ್ನೇ: "ಅಕ್ಕಾ, ನಮ್ಮ ಹತ್ರ ಒಂದೇ ದಿನ ಇದೆ. ಏನೇನು ನೋಡ್ಬಹುದು?" ಅವರ ಜೊತೆ ನಾನೇ ಹೋಗಿ ಬರುತ್ತೇನೆ. ಜೊತೆಗೆ ಯಾರೂ ಇಲ್ಲದಿದ್ದರೂ ನೀವೇ ಈ ದಿನವನ್ನು ಚೆನ್ನಾಗಿ ಕಳೆಯಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು ನಾನು ಮಾಡಿದ ತಪ್ಪು ಕೇಳಿ. ಅಣ್ಣನ ಮನೆಯವರು ಶಿರಸಿಯಿಂದ ಬಂದಿದ್ದರು. ಕಾಗದದ ಮೇಲೆ ಎಂಟು ಜಾಗ ಬರೆದುಕೊಂಡಿದ್ದೆ. ಯಾಣ, ಮಿರ್ಜಾನ ಕೋಟೆ, ಅಪ್ಸರಕೊಂಡ, ಕಾಸರಕೋಡ, ಇಡಗುಂಜಿ, ಮುರ್ಡೇಶ್ವರ, ನಮ್ಮ ಅಳಿವೆ, ಕೊನೆಗೆ ಗೋಕರ್ಣ. ದಿನವಿಡೀ ಜೀಪಿನಲ್ಲೇ ಕೂತೆವು. ಮುರ್ಡೇಶ್ವರದಲ್ಲಿ 123 ಅಡಿಯ ಶಿವನನ್ನು ಹತ್ತು ನಿಮಿಷ ನೋಡಿ ಓಡಿದೆವು. ಅಳಿವೆಗೆ ಬಂದಾಗ ಭರತ ತುಂಬಿ ನಿಂತಿತ್ತು. ತೋರಿಸಬೇಕೆಂದಿದ್ದ ಬಯಲೆಲ್ಲ ನೀರಿನಡಿ. ಗೋಕರ್ಣ ಮುಟ್ಟಿದಾಗ ಕತ್ತಲಾಗಿತ್ತು, ಅಣ್ಣನ ಮಗಳು ಸೀಟಿನ ಮೇಲೆ ನಿದ್ದೆ ಹೋಗಿದ್ದಳು. ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಮೆಲ್ಲಗೆ ಹೇಳಿದಳು: "ಕಡಲಿಗೆ ಕಾಲು ಹಾಕದ್ದೇ ಬಂದಾತು." ನನಗೆ ಅಳು ಬಂದಿತ್ತು. ಅತ್ತೆ ಬಡಿಸುತ್ತಾ ಅಂದರು: "ತಂಗೀ, ಗಡಿಯಾರ ನೋಡಡ. ನೀರು ನೋಡು."

ಅಂದಿನಿಂದ ಎಂಟು ಜಾಗ ನಾಲ್ಕಾಯಿತು. ಬೆಳಿಗ್ಗೆ ಬಾಡ ಅನ್ನುವ ಊರಿನ ತೀರ, ಆಮೇಲೆ ಅಘನಾಶಿನಿ ಅಳಿವೆ, ತಾರಿಯಲ್ಲಿ (ಹೊಳೆ ದಾಟಿಸುವ ದೋಣಿ) ದಾಟಿ ತದಡಿಯ ಮೇಲೆ ಗೋಕರ್ಣ, ಸಂಜೆಗೆ ಅಲ್ಲಿನ ಓಂ ಮತ್ತು ಕುಡ್ಲೆ ತೀರ. ಇವೆಲ್ಲ ಒಂದಕ್ಕೊಂದು ಹತ್ತಿರ. ಮುರ್ಡೇಶ್ವರ, ಹೊನ್ನಾವರದ ಕಡೆ ನೋಡಬೇಕಾದರೆ ಅದಕ್ಕೇ ಇನ್ನೊಂದು ದಿನ ಇಟ್ಟುಕೊಳ್ಳಿ. ಕಾರವಾರಕ್ಕೂ ಹಾಗೇ. ಯಾಣ ಕಾಡಿನ ಜಾಗ, ಅದನ್ನು ಕಡಲಿನ ಜೊತೆ ಸೇರಿಸಬೇಡಿ.

ದಿನ ಯಾವುದು?

ತಿಂಗಳು ಯಾವುದು ಅಂದರೆ ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ನಂತರ ಬಿಸಿಲು ಮತ್ತು ಬೆವರು ಸೇರಿ ವಯಸ್ಸಾದವರನ್ನು ಸುಸ್ತು ಮಾಡುತ್ತವೆ. ಜೂನ್‌ನಿಂದ ಕಡಲಿಗೆ ಇಳಿಯುವ ಮಾತೇ ಬೇಡ. ಜೂನ್, ಜುಲೈ ಎರಡು ತಿಂಗಳು ನಮ್ಮ ಕಡೆ ಯಾಂತ್ರಿಕ ದೋಣಿಗಳೇ ಕಡಲಿಗೆ ಹೋಗುವುದಿಲ್ಲ. ಮೀನುಗಾರಿಕೆಗೆ ನಿಷೇಧ ಇರುತ್ತದೆ.

ತಿಂಗಳಿಗಿಂತ ಮುಖ್ಯ ತಿಥಿ. ಕ್ಯಾಲೆಂಡರ್‌ನಲ್ಲಿ ಭಾನುವಾರ ಎಲ್ಲಿದೆ ಅಂತ ನೋಡುವ ಮೊದಲು ಹುಣ್ಣಿಮೆ, ಅಮಾವಾಸ್ಯೆ ಎಲ್ಲಿದೆ ನೋಡಿ. ನಮ್ಮ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದು ಭರತ, ಇಳಿಯುವುದು ಇಳಿತ. ಪ್ರತಿದಿನ ಇದು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮಲ್ಲಿ ಇಳಿತ ಬರುವುದು ನಸುಕಿನಲ್ಲಿ, ಮತ್ತೆ ಸಂಜೆ. ಮಧ್ಯಾಹ್ನಕ್ಕೆ ಮೊದಲು ಭರತ ತುಂಬಿರುತ್ತದೆ. ಅದೇ ಪಂಚಮಿ, ಷಷ್ಠಿಯ ಹೊತ್ತಿಗೆ ಇಳಿತ ಸರಿದು ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ ಬಂದು ನಿಲ್ಲುತ್ತದೆ. ನಮಗೆ ಬೇಕಾದದ್ದು ಅದೇ. ಶುಕ್ಲ ಪಕ್ಷವಾದರೂ ಸರಿ, ಕೃಷ್ಣ ಪಕ್ಷವಾದರೂ ಸರಿ. ಮೊಬೈಲ್‌ನಲ್ಲಿ ಕಾರವಾರದ ಭರತ-ಇಳಿತದ ಸಮಯ ಸಿಗುತ್ತದೆ. ಹಿಂದಿನ ರಾತ್ರಿ ಒಮ್ಮೆ ನೋಡಿಕೊಂಡು ಮಲಗಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ತಂಗಿಯ ಮಗಳು ಹೋದ ವರ್ಷ ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಹೋಗಿ ಬಂದಳು. ಅಲ್ಲಿನ ಎಲಾಫೊನಿಸಿ ಅನ್ನುವ ತೀರದಲ್ಲಿ ಮರಳಿಗೆ ನಸು ಗುಲಾಬಿ ಬಣ್ಣವಂತೆ, ಸಣ್ಣ ಚಿಪ್ಪಿನ ಚೂರು ಸೇರಿ ಹಾಗಾಗುವುದಂತೆ. ಗೈಡ್ ಜೊತೆಗೆ ಒಂದು ದಿನದ ಪ್ರವಾಸ. ಅವಳು ಫೋಟೊ ತೋರಿಸುತ್ತಾ ಹೇಳಿದ ಒಂದು ಮಾತು ನನಗೆ ಆಶ್ಚರ್ಯ ತಂದಿತು. "ದೊಡ್ಡಮ್ಮಾ, ಅಲ್ಲಿ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇತ್ತು." ಮೆಡಿಟರೇನಿಯನ್ ಸಮುದ್ರದ ಸುತ್ತಲೂ ನೆಲ. ಪಶ್ಚಿಮಕ್ಕೆ ಜಿಬ್ರಾಲ್ಟರ್ ಹತ್ತಿರ ಕಿರಿದಾದ ಒಂದು ಬಾಯಿ, ಅಷ್ಟೇ. ಹಾಗಾಗಿ ಅಲ್ಲಿ ಭರತ ಇಳಿತ ಬಹಳ ಕಡಿಮೆ. ಗೈಡ್ ವರ್ಷವಿಡೀ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋದರೂ ನಡೆಯುತ್ತದೆ. ನಮ್ಮಲ್ಲಿ ಹಾಗಲ್ಲ. ನಮ್ಮ ಕಡಲು ದೊಡ್ಡ ಭರತದ ದಿನ ಒಬ್ಬ ಆಳಿನಷ್ಟು ಎತ್ತರ ಏರಿ ಇಳಿಯುತ್ತದೆ. ಬೆಳಿಗ್ಗೆ ನಡೆದಾಡಿದ ಜಾಗದಲ್ಲಿ ಮಧ್ಯಾಹ್ನ ದೋಣಿ ಹೋಗುತ್ತದೆ. ಹಾಗಾಗಿ ನಿಗದಿ ಸಮಯದ ಪ್ರವಾಸ ಇಲ್ಲಿಗೆ ಹೊಂದುವುದಿಲ್ಲ.

ಹೊರಡುವ ಮುನ್ನ

ರೈಲಿನಲ್ಲಿ ಬರುವವರು ಕುಮಟಾದಲ್ಲಿ ಇಳಿಯಿರಿ. ಶಿರಸಿ ಕಡೆಯಿಂದ ಬರುವವರು ದೇವಿಮನೆ ಘಟ್ಟದ ರಸ್ತೆ ತೆರೆದಿದೆಯೇ ಅಂತ ವಿಚಾರಿಸಿಕೊಂಡೇ ಹೊರಡಿ. ರಸ್ತೆ ಕೆಲಸಕ್ಕೆ, ಮಳೆಗೆ ಆಗಾಗ ಸಂಚಾರ ನಿಲ್ಲಿಸುತ್ತಾರೆ. ಕುಮಟಾಕ್ಕೆ ಹಿಂದಿನ ದಿನವೇ ಬಂದು ಉಳಿಯುವುದು ಒಳ್ಳೆಯದು. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಸೀದಾ ಕಡಲಿಗೆ ಬಂದವರು ಹನ್ನೊಂದು ಗಂಟೆಗೆ ಸೋತು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಗಾಡಿ ಸ್ಥಳೀಯರದ್ದೇ ಮಾಡಿಕೊಳ್ಳಿ. ನಿಮ್ಮ ಕಾರು ಇದ್ದರೂ ಈ ಒಂದು ದಿನಕ್ಕೆ ಡ್ರೈವರ್ ಇಟ್ಟುಕೊಂಡರೆ ಅನುಕೂಲ. ಯಾಕೆ ಅಂತ ತಾರಿಯ ಹತ್ತಿರ ಬಂದಾಗ ಹೇಳುತ್ತೇನೆ.

ಚೀಲದಲ್ಲಿ ಏನಿರಬೇಕು? ತಲೆಗೆ ಟೊಪ್ಪಿ, ಒಬ್ಬೊಬ್ಬರಿಗೆ ಒಂದು ಜೊತೆ ಒಣಬಟ್ಟೆ, ಎರಡು ಟವೆಲ್. ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಕೆಸರಿನಲ್ಲಿ ಅಲ್ಲೇ ಉಳಿಯುತ್ತದೆ. ಗಂಡಸರಿಗೆ ಒಂದು ಪಂಚೆ, ಗೋಕರ್ಣದ ದೇವಸ್ಥಾನಕ್ಕೆ ಬೇಕು. ಚಿಲ್ಲರೆ ದುಡ್ಡು. ಒಂದು ಸಣ್ಣ ಬ್ಯಾಟರಿ. ದೊಡ್ಡ ಬಾಟಲಿಯಲ್ಲಿ ಮುರುಗಲು (ಕೋಕಂ) ಪಾನಕ. ಮುರುಗಲು ಸಿಪ್ಪೆ ನೆನೆಸಿ, ಬೆಲ್ಲ, ಉಪ್ಪು, ಸ್ವಲ್ಪ ಜೀರಿಗೆ ಹಾಕಿದರೆ ಆಯಿತು. ಬಿಸಿಲಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಮತ್ತೆ ಒಂದು ಖಾಲಿ ಚೀಲ. ತಿಂದ ಪ್ಯಾಕೆಟ್, ಕುಡಿದ ಬಾಟಲಿ ಎಲ್ಲಾ ಅದರಲ್ಲೇ ಹಾಕಿ ವಾಪಸ್ ತನ್ನಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಚಳಿಗಾಲದ ರಾತ್ರಿಗಳಲ್ಲಿ ನಮ್ಮ ತೀರಗಳಿಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ.

ಬೆಳಿಗ್ಗೆ: ಬಾಡ

ಕುಮಟಾದಿಂದ ಆರೂವರೆಗೆ ಹೊರಡಿ. ಬಾಡದ ತೀರಕ್ಕೆ ಹೆಚ್ಚು ದೂರ ಇಲ್ಲ. ಹೊಸಬರು ಕಡಲಿನ ಮೇಲೆ ಸೂರ್ಯ ಹುಟ್ಟುವುದನ್ನು ನೋಡಲು ಬಂದೆವು ಅನ್ನುತ್ತಾರೆ. ನಮ್ಮ ಕಡಲು ಪಶ್ಚಿಮಕ್ಕೆ. ಸೂರ್ಯ ಬರುವುದು ಬೆನ್ನ ಹಿಂದಿನಿಂದ, ಘಟ್ಟ ಏರಿ, ತೆಂಗಿನ ತೋಟ ದಾಟಿ. ಹಾಗಾಗಿ ಮರಳಿಗೆ ಬಿಸಿಲು ಬೀಳುವುದು ತಡ. ಅದೇ ಇಲ್ಲಿನ ಚಂದ. ಏಳೂವರೆ ಎಂಟರವರೆಗೂ ತೀರದಲ್ಲಿ ತಂಪು ನೆರಳು, ದೂರದ ನೀರಿನ ಮೇಲೆ ಮಾತ್ರ ಬೆಳಕು. ಕಣ್ಣಿಗೆ ಕುಕ್ಕುವ ಹೊಳಪಿಲ್ಲದೆ ಕಡಲಿನ ನೀಲಿ ಸರಿಯಾಗಿ ಕಾಣುವುದು ಈ ಹೊತ್ತಿಗೆ ಮಾತ್ರ. ಫೋಟೊ ಬೇಕಾದವರು ಇಲ್ಲೇ ತೆಗೆದುಕೊಳ್ಳಿ. ಸಂಜೆ ತೆಗೆದದ್ದರಲ್ಲಿ ಮುಖ ಕಪ್ಪಾಗಿ ಬರುತ್ತದೆ.

ಗಾಳಿಮರಗಳ ಸಾಲಿನ ಕೆಳಗೆ ಚಪ್ಪಲಿ ಬಿಟ್ಟು ತೀರದ ಉದ್ದಕ್ಕೆ ನಡೆಯಿರಿ. ಏಂಡಿ ಬಲೆ ಎಳೆಯುವವರು ಸಿಕ್ಕಿದರೆ ನಿಮ್ಮ ಅದೃಷ್ಟ. ಬಲೆಯ ಒಂದು ತುದಿ ದಡದಲ್ಲಿಟ್ಟು, ದೋಣಿಯಲ್ಲಿ ಕಡಲಿಗೆ ಸುತ್ತು ಹಾಕಿ, ಇನ್ನೊಂದು ತುದಿಯನ್ನು ದಡಕ್ಕೆ ತರುತ್ತಾರೆ. ಆಮೇಲೆ ಎರಡೂ ಕಡೆಯಿಂದ ಜನ ಹಿಡಿದು ಎಳೆಯುತ್ತಾರೆ. ಅದರ ದೊಡ್ಡಣ್ಣ ರಂಪಣಿ. ಅದಕ್ಕೆ ಹತ್ತಾರು ಜನ ಬೇಕು. ಈಗ ಅಪರೂಪ. ಹಗ್ಗ ಹಿಡಿಯಬಹುದಾ ಅಂತ ಕೇಳಿ. ಹೂಂ ಅಂದರೆ ಮಕ್ಕಳೂ ಕೈ ಹಾಕಲಿ. ಬಲೆ ಮೇಲೆ ಬಂದಾಗ ತಾರಲೆಯ ಬೆಳ್ಳಿ ಹೊಳಪು ನೋಡಬೇಕು. ನಾವು ಮೀನು ತಿನ್ನುವವರಲ್ಲ, ಆದರೂ ಆ ಹೊಳಪು ನೋಡಲು ನಾನು ಪ್ರತಿ ಸಲ ನಿಲ್ಲುತ್ತೇನೆ.

ತಿಂಡಿ ಕುಮಟಾದಲ್ಲೇ ಕಟ್ಟಿಸಿಕೊಂಡು ಬನ್ನಿ. ಬನ್ಸ್ ಆದರೆ ತಣ್ಣಗಾದರೂ ರುಚಿ ಕೆಡುವುದಿಲ್ಲ. ಎಂಟಕ್ಕೆ ಬಾಡ ಬಿಡಿ.

ಅಳಿವೆ

ಇಲ್ಲಿಗೆ ಹೆಚ್ಚು ಸಮಯ ಕೊಡಿ. ಎರಡು ಗಂಟೆಯಾದರೂ ಬೇಕು. ಪ್ರವಾಸಿಗರ ಪಟ್ಟಿಯಲ್ಲಿ ಈ ಜಾಗ ಬರುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ದಿನಕ್ಕೆ ಇದೇ ದೊಡ್ಡದು.

ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಾಡಿನ ನಡುವೆ ಹರಿದು, ತಾನು ತಂದ ಮಣ್ಣನ್ನೆಲ್ಲ ಇಲ್ಲಿ ತಂದು ಹರಡುತ್ತದೆ. ಸಿಹಿನೀರು ಉಪ್ಪುನೀರು ಸೇರುವ ಈ ಕೆಸರಿನಲ್ಲಿ ಬಳಚು ಬೆಳೆಯುತ್ತದೆ. ಚಿಪ್ಪಿನೊಳಗಿನ ಜೀವ. ಇಳಿತ ಬಂದು ಬಯಲು ಮೇಲೆದ್ದ ಕೂಡಲೇ ಸುತ್ತಲ ಊರುಗಳ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಕಾಲಿನಲ್ಲಿ ತಡಕಿ, ಕೈಯಲ್ಲಿ ಹೆಕ್ಕಿ, ನೀರಿನಲ್ಲಿ ಜಾಲಾಡಿಸಿ ಬುಟ್ಟಿಗೆ ಹಾಕುತ್ತಾರೆ. ನೀರು ಸೊಂಟಕ್ಕೆ ಬರುವವರೆಗೂ ಅವರ ಕೆಲಸ. ಆಮೇಲೆ ಕಡಲು ಬಾಗಿಲು ಹಾಕಿಬಿಡುತ್ತದೆ. ಅವರ ದಿನದ ದುಡಿಮೆ ಇಷ್ಟು ಗಂಟೆಯೊಳಗೆ ಮುಗಿಯಬೇಕು. ಹಾಗಾಗಿ ಮಾತಾಡಿಸಿ, ಆದರೆ ಕೆಲಸ ನಿಲ್ಲಿಸಬೇಡಿ. ಫೋಟೊ ತೆಗೆಯುವ ಮೊದಲು ಕೇಳಿ. "ಹೀಗೆ ನಿಲ್ಲಿ, ಹಾಗೆ ತಿರುಗಿ" ಅಂತ ಹೇಳಬೇಡಿ. ಚಿಪ್ಪಿನ ಅಂಚು ಬ್ಲೇಡಿನ ಹಾಗೆ ಇರುತ್ತದೆ, ಅವರ ಅಂಗಾಲು ತುಂಬಾ ಗಾಯದ ಗೆರೆ. ನೀವು ಚಪ್ಪಲಿ ಇಲ್ಲದೆ ಇಳಿಯಬೇಡಿ.

ಬಯಲಿನ ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ. ಬೇರು ನೀರಿನಿಂದ ಮೇಲಕ್ಕೆ ಎದ್ದು ನಿಂತಿರುತ್ತದೆ. ಇಳಿತದಲ್ಲಿ ಮಾತ್ರ ಆ ಬೇರುಗಳ ನಡುವೆ ಸಣ್ಣ ಏಡಿಗಳು ಓಡಾಡುವುದು ಕಾಣುತ್ತದೆ. ಒಂದು ಜಾಗದಲ್ಲಿ ಐದು ನಿಮಿಷ ಅಲುಗಾಡದೆ ನಿಲ್ಲಿ. ಒಳಗೆ ಅಡಗಿದ್ದವೆಲ್ಲ ಹೊರಗೆ ಬರುತ್ತವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಬೆಳ್ಳಕ್ಕಿಗಳು ಸಾಲಾಗಿ ನಿಂತಿರುತ್ತವೆ, ಗರುಡ ಮೇಲೆ ಸುತ್ತುತ್ತಿರುತ್ತದೆ. ನದಿಯ ನಡುವಿನ ನಡುಗಡ್ಡೆಗಳನ್ನು ನಮ್ಮಲ್ಲಿ ಕುರ್ವೆ ಅನ್ನುತ್ತಾರೆ. ಐಗಳಕುರ್ವೆ, ಮಾಸೂರು ಕುರ್ವೆ, ಹೀಗೆ. ಅಲ್ಲಿಯೂ ಮನೆ, ತೋಟ, ಗುಡಿ ಎಲ್ಲ ಇವೆ. ಒಳಗಿನ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಿದ್ದರು, ಈಗಲೂ ಕೆಲವರು ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ ಅದು. ಕೆಂಪಕ್ಕಿ, ಗಂಜಿಗೆ ಬಹಳ ರುಚಿ.

ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು ಅಂತ 2024ರ ಜನವರಿ ಕೊನೆಯಲ್ಲಿ ಪ್ರಕಟವಾಯಿತು. ಜಗತ್ತಿನ ಮುಖ್ಯ ಜೌಗು ಜಾಗಗಳ ಪಟ್ಟಿ ಅದು. ಆ ದಿನ ಪೇಪರ್ ಓದಿ ಅತ್ತೆಗೆ ಹೇಳಿದೆ. ಅವರಿಗೆ ಪಟ್ಟಿ ಗೊತ್ತಿಲ್ಲ. "ನಮ್ಮ ಹೊಳೆ ಅಲ್ದಾ" ಅಂದರು, ಖುಷಿಯಿಂದ.

ನೀರು ತಿರುಗುವುದನ್ನು ಗಮನಿಸಲು ಕಲಿಯಿರಿ. ಬಯಲಿನ ಸಣ್ಣ ಕಾಲುವೆಗಳಲ್ಲಿ ಕಡಲ ಕಡೆ ಹರಿಯುತ್ತಿದ್ದ ನೀರು ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಒಳಮುಖವಾಗಿ ಹರಿಯಲು ಶುರು. ಅದನ್ನು ಕಂಡ ಕೂಡಲೇ ದಡಕ್ಕೆ ಬನ್ನಿ. ನೀರು ಮುಂದಿನಿಂದ ಬರುವುದಿಲ್ಲ, ಕಾಲುವೆಗಳ ಮೂಲಕ ಬೆನ್ನ ಹಿಂದೆ ತುಂಬುತ್ತದೆ. ಗೊತ್ತಿರುವವರು ಜೊತೆಗಿಲ್ಲದಿದ್ದರೆ ಬಯಲಿನ ನಡುವಿಗೆ ಹೋಗಲೇಬೇಡಿ, ಅಂಚಿನಲ್ಲೇ ನಿಂತು ನೋಡಿ.

ತಾರಿ ದಾಟಿ ಗೋಕರ್ಣಕ್ಕೆ

ಈಗ ಡ್ರೈವರ್ ವಿಷಯ. ಅಘನಾಶಿನಿ ಈ ದಡ, ತದಡಿ ಆ ದಡ. ತಾರಿಯಲ್ಲಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಆಚೆ. ಕಾರು ಮಾತ್ರ ಕುಮಟಾಕ್ಕೆ ತಿರುಗಿ ಹೋಗಿ, ಮಿರ್ಜಾನ, ಮಾದನಗೇರಿ ಬಳಸಿಕೊಂಡು ಬರಬೇಕು. ಒಂದು ಗಂಟೆಗೂ ಜಾಸ್ತಿ. ನೀವು ಅಳಿವೆಯಲ್ಲಿರುವಾಗಲೇ, ಒಂಬತ್ತೂವರೆಗೆ, ಡ್ರೈವರ್‌ನ ಕಳಿಸಿಬಿಡಿ. ನೀವು ದೋಣಿ ಇಳಿಯುವ ಹೊತ್ತಿಗೆ ಅವರು ತದಡಿಯಲ್ಲಿ ಇರುತ್ತಾರೆ. ಒಣಬಟ್ಟೆ, ಪಂಚೆ, ಪಾನಕದ ಚೀಲ ಗಾಡಿಯಲ್ಲೇ ಬಿಡಬೇಡಿ. ಒಮ್ಮೆ ನಾನು ಬಿಟ್ಟು, ಏಳು ಜನ ಒದ್ದೆ ಬಟ್ಟೆಯಲ್ಲಿ ಬಾಯಾರಿ ಕೂತಿದ್ದೆವು. ತಾರಿ ಯಾವಾಗ ಯಾವಾಗ ಹೋಗುತ್ತದೆ ಅಂತ ಹಿಂದಿನ ದಿನವೇ ಕೇಳಿ ಇಟ್ಟುಕೊಳ್ಳಿ. ಗಾಳಿ, ಮಳೆ ಇದ್ದರೆ ನಂಬಬೇಡಿ, ಎಲ್ಲರೂ ಕಾರಿನಲ್ಲೇ ಸುತ್ತಿ ಬನ್ನಿ.

ದೋಣಿಯಲ್ಲಿ ಎಡಗಡೆ ಕೂರಿ. ಉತ್ತರಕ್ಕೆ ಹೋಗುವಾಗ ಆ ಕಡೆ ಅಳಿವೆಯ ಬಾಯಿ ಪೂರ್ತಿ ಕಾಣುತ್ತದೆ. ಹೊಳೆಯ ನೀರಿನ ಬಣ್ಣ, ಕಡಲಿನ ಬಣ್ಣ, ನಡುವೆ ನೊರೆಯ ಗೆರೆ. ಬಲಗಡೆ ದೂರಕ್ಕೆ ನೋಡಿದರೆ ಘಟ್ಟದ ಸಾಲು. ಆ ಗುಡ್ಡದ ಹಿಂದೆ ನನ್ನ ತವರು ಅಂತ ಎಲ್ಲರಿಗೂ ತೋರಿಸುತ್ತೇನೆ.

ತದಡಿ ಮೀನುಗಾರಿಕೆ ಬಂದರು. ಮೀನು ತಿನ್ನುವವರಿಗೆ ನೊಗಲಿ, ಬಂಗಡೆ, ಶೆಟ್ಲಿ ತಾಜಾ ಸಿಗುವ ಕಡೆ. ದೋಣಿಗಳ ಬಣ್ಣ ನೋಡಿ ಮುಂದೆ ಹೊರಡಿ. ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ ಸಿಗುತ್ತದೆ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸಿ, ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುತ್ತಾರೆ. ಜನವರಿ ಕಳೆದ ಮೇಲೆ ಬಂದರೆ ಉಪ್ಪಿನ ಗುಡ್ಡೆ ನೋಡಬಹುದು. ಡಿಸೆಂಬರ್‌ನಲ್ಲಿ ಬರೀ ನೀರಿನ ಚೌಕಗಳು, ಅದರಲ್ಲಿ ಆಕಾಶ. ಉಪ್ಪಿನಕಾಯಿಗೆ ನಮ್ಮ ಮನೆಯಲ್ಲಿ ಇವತ್ತಿಗೂ ಸಾಣಿಕಟ್ಟಾದ ಹರಳುಪ್ಪೇ. ಅಪ್ಪೆಮಿಡಿ ಶಿರಸಿಯದ್ದು, ಉಪ್ಪು ಇಲ್ಲಿಯದ್ದು.

ಗೋಕರ್ಣದಲ್ಲಿ ಮೊದಲು ಮಹಾಬಲೇಶ್ವರ ದೇವಸ್ಥಾನ, ಆಮೇಲೆ ಊಟ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ತಡ ಮಾಡಿದರೆ ಸಂಜೆವರೆಗೆ ಕಾಯಬೇಕು. ಸಂಜೆ ನಿಮಗೆ ಕಡಲಿಗೆ ಬೇಕು. ಆತ್ಮಲಿಂಗದ ಕತೆಯಲ್ಲೂ ಸಂಜೆಯೇ ಮುಖ್ಯ ಅಲ್ವಾ. ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತೆಂದು ರಾವಣ ಸಂಧ್ಯಾವಂದನೆಗೆ ಹೋದ. ಹುಡುಗನಾಗಿ ಬಂದ ಗಣಪತಿ ಲಿಂಗವನ್ನು ನೆಲಕ್ಕಿಟ್ಟ. ಮಕ್ಕಳಿಗೆ ಈ ಕತೆಯನ್ನು ದೋಣಿಯಲ್ಲೇ ಹೇಳಿಬಿಡಿ. ಗುಡಿಯೊಳಗೆ ಬಂದಾಗ ಅವರೇ ಲಿಂಗ ಹುಡುಕುತ್ತಾರೆ.

ಊಟ ಆದ ಮೇಲೆ ಮೂರೂವರೆವರೆಗೆ ಎಲ್ಲೂ ಹೋಗಬೇಡಿ. ಎರಡು ಗಂಟೆಯ ಮಟ್ಟಿಗೆ ಒಂದು ಕೋಣೆ ಸಿಕ್ಕಿದರೆ ತೆಗೆದುಕೊಳ್ಳಿ. ಅಪ್ಪ ಅಮ್ಮ ಮಲಗಲಿ, ಹೆಂಗಸರಿಗೆ ಬಟ್ಟೆ ಬದಲಾಯಿಸಲು, ಶೌಚಕ್ಕೆ ಅನುಕೂಲ. ತೀರದಲ್ಲಿ ಅದಕ್ಕೆ ಪರದಾಡಬೇಕಾಗುತ್ತದೆ. ಇಷ್ಟು ಖರ್ಚು ದಂಡ ಅಲ್ಲ.

ಸಂಜೆ, ಮತ್ತು ನೀರಿನ ಭಯ

ನಾಲ್ಕಕ್ಕೆ ಓಂ ತೀರ. ಮೆಟ್ಟಿಲು ಇಳಿಯುವ ಮೊದಲು ಮೇಲಿನಿಂದಲೇ ನಿಂತು ನೋಡಿ. ಎರಡು ಬಾಗು, ನಡುವೆ ಬಂಡೆ. ಓಂ ಆಕಾರ ಕಾಣುವುದು ಮೇಲಿನಿಂದ ಮಾತ್ರ, ಇಳಿದ ಮೇಲೆ ಕಾಣುವುದಿಲ್ಲ. ಮೊಣಕಾಲು ನೋವಿನವರು ಇಲ್ಲಿ ಇಳಿಯದಿದ್ದರೂ ನಷ್ಟ ಇಲ್ಲ.

ಆ ಬಂಡೆಗಳ ಮೇಲೆ ಹತ್ತಬೇಡಿ. ನಾಲ್ಕು ವರ್ಷದ ಹಿಂದೆ ನನ್ನ ಅಣ್ಣನ ಮಗ ಹತ್ತಿದ್ದ. ಹದಿನೇಳು ವರ್ಷ. ಒಣಗಿದ ಬಂಡೆಯ ತುದಿಯಲ್ಲಿ ನಿಂತು ಕೈಬೀಸಿದ. ಎಲ್ಲಿಂದಲೋ ಒಂದು ದೊಡ್ಡ ತೆರೆ ಬಂದು ಅವನ ಒಂದು ಚಪ್ಪಲಿ ಎಳೆದುಕೊಂಡು ಹೋಯಿತು. ಅದನ್ನು ಹಿಡಿಯಲು ಬಗ್ಗಿದ. ಕಾಲು ಜಾರಿತು. ತೀರದ ಕಾವಲಿನ ಹುಡುಗ ಸೀಟಿ ಊದುತ್ತಾ ಓಡಿ ಹೋಗಿ ಅಂಗಿ ಹಿಡಿದು ಎಳೆದ. ಮೊಣಕೈ ಪೂರ್ತಿ ಕಿತ್ತು ಹೋಗಿತ್ತು, ಜೀವ ಉಳಿಯಿತು. ಅರ್ಧ ನಿಮಿಷದ ಮಾತು ಅದು. ನನಗೆ ಈಗಲೂ ಕೆಲವು ರಾತ್ರಿ ಆ ಸೀಟಿ ಕೇಳುತ್ತದೆ. ಸೀಟಿ ಊದುವವರ ಜೊತೆ ದಯವಿಟ್ಟು ವಾದ ಮಾಡಬೇಡಿ. ಅವರು ಕೈ ತೋರಿಸಿದ ಕಡೆ ಹೋಗಿ.

ಪಂಚಮಿ, ಷಷ್ಠಿಯ ದಿನ ಮಧ್ಯಾಹ್ನ ಭರತ ಬಂದು, ಸಂಜೆ ನೀರು ಇಳಿಯುತ್ತಿರುತ್ತದೆ. ತೀರ ಅಗಲವಾಗು‌ತ್ತದೆ, ನಡೆಯಲು ಬಹಳ ಚಂದ. ಆದರೆ ಇಳಿಯುವ ನೀರಿನಲ್ಲಿ ಸೆಳೆತ ಜಾಸ್ತಿ. ಸೆಳೆತದ ಜಾಗ ಗುರುತಿಸಲು ಕಲಿಯಿರಿ. ಎರಡೂ ಪಕ್ಕದಲ್ಲಿ ತೆರೆ ಒಡೆದು ಬಿಳಿ ನೊರೆ ಇರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ತೆರೆಯೇ ಇಲ್ಲದೆ ಶಾಂತವಾಗಿರುತ್ತದೆ, ನೀರು ಸ್ವಲ್ಪ ಕಲಕಿರುತ್ತದೆ. ಹೊಸಬರು ಶಾಂತ ಇದೆ ಅಂತ ಅಲ್ಲೇ ಇಳಿಯುತ್ತಾರೆ. ನೀರು ಕಡಲಿಗೆ ವಾಪಸ್ ಹೋಗುವ ದಾರಿ ಅದು. ಸಿಕ್ಕಿಕೊಂಡರೆ ದಡದ ಕಡೆ ಈಜಿ ದಣಿಯಬೇಡಿ. ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಇರುವ ಕಡೆ ಬಂದು ಆಮೇಲೆ ದಡಕ್ಕೆ ಬನ್ನಿ. ಈಜು ಬಾರದವರು ಮೊಣಕಾಲಿಗಿಂತ ಮೇಲೆ ನೀರಿಗೆ ಹೋಗಬೇಡಿ. ಕುಡಿದವರು ನೀರು ಮುಟ್ಟಲೇಬೇಡಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬೇಡಿ. ಕೂಗಿ ಕಾವಲಿನವರನ್ನು ಕರೆಯಿರಿ. ತೇಲುವ ಏನಾದರೂ ಎಸೆಯಿರಿ, 112ಕ್ಕೆ ಫೋನ್ ಮಾಡಿ.

ಇನ್ನೆರಡು ಮಾತು. ಆಳ ಕಡಿಮೆ ಇರುವ ನೀರಿನಲ್ಲಿ ಕಾಲು ಎತ್ತಿ ಎತ್ತಿ ಇಡದೆ ಮರಳಿಗೆ ತಾಗಿಸಿ ಎಳೆದು ನಡೆಯಿರಿ. ಮರಳಲ್ಲಿ ಮಲಗಿರುವ ತೊರಕೆ ಮೀನು ಸದ್ದಿಗೆ ಸರಿದು ಹೋಗುತ್ತದೆ. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಹೋಗಿ. ದಡಕ್ಕೆ ಬಿದ್ದ ಜೆಲ್ಲಿ ಮೀನನ್ನು ಸತ್ತಿದೆ ಅಂತ ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ. ಸತ್ತರೂ ಉರಿ ಹೋಗುವುದಿಲ್ಲ.

ಐದಕ್ಕೆ ಕುಡ್ಲೆಗೆ ಹೊರಡಿ. ಗಟ್ಟಿ ಕಾಲಿನವರು ಓಂ ತೀರದಿಂದ ಗುಡ್ಡದ ದಾರಿಯಲ್ಲಿ ನಡೆದೇ ಬರಬಹುದು. ಉಳಿದವರು ಗಾಡಿಯಲ್ಲಿ ಬಂದು ಮೆಟ್ಟಿಲು ಇಳಿಯಲಿ. ಕುಡ್ಲೆ ಅಗಲವಾದ ಒಂದೇ ಬಾಗು, ಎರಡೂ ತುದಿಗೆ ಗುಡ್ಡ. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಐದೂವರೆಗೆ ಒಂದು ಜಾಗ ಹಿಡಿದು ಕೂತುಬಿಡಿ. ಉತ್ತರದ ತುದಿಯ ಹತ್ತಿರ ಜನ ಸ್ವಲ್ಪ ಕಡಿಮೆ.

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಎದ್ದು ಮರಳು ಕೊಡವಿಕೊಂಡು ಹೊರಡುತ್ತಾರೆ. ನೀವು ಏಳಬೇಡಿ. ಇನ್ನೂ ಇಪ್ಪತ್ತು ನಿಮಿಷ ಕೂತಿರಿ. ಕೆಂಪು ಹೋಗಿ ನೇರಳೆ ಬರುತ್ತದೆ. ಇಳಿದ ನೀರು ಬಿಟ್ಟು ಹೋದ ಒದ್ದೆ ಮರಳಿನಲ್ಲಿ ಆ ಬಣ್ಣವೆಲ್ಲ ಬೀಳುತ್ತದೆ. ದೂರದಲ್ಲಿ ದೋಣಿಗಳ ದೀಪ ಒಂದೊಂದೇ ಹತ್ತುತ್ತದೆ. ಮಾತಾಡುತ್ತಿದ್ದವರೆಲ್ಲ ಸುಮ್ನೆ ಆಗುತ್ತಾರೆ. ಅತ್ತಿಗೆಯನ್ನು ಎರಡನೇ ಸಲ ಕರೆದುಕೊಂಡು ಬಂದಾಗ ಅವಳು ಸೀರೆ ಮೊಣಕಾಲಿಗೆ ಎತ್ತಿಕೊಂಡು, ನೀರಿನ ಅಂಚಿನಲ್ಲಿ ನಿಂತುಬಿಟ್ಟಿದ್ದಳು. ನಾನು ಕರೆಯಲಿಲ್ಲ.

ಮೇಲೆ ಹತ್ತಲು ಬ್ಯಾಟರಿ ಬೇಕು, ಮೆಟ್ಟಿಲು ಕತ್ತಲಲ್ಲಿ ಸರಿಯಾಗಿ ಕಾಣುವುದಿಲ್ಲ. ಗಾಡಿ ಹತ್ತುವ ಮೊದಲು ಮಕ್ಕಳ ಒದ್ದೆ ಬಟ್ಟೆ ಬದಲಿಸಿ. ವಾಪಸ್ ಮಾದನಗೇರಿ, ಮಿರ್ಜಾನದ ಮೇಲೆ ಹೆದ್ದಾರಿಯಲ್ಲೇ ಕುಮಟಾ. ಮರುದಿನ ಬೆಳಿಗ್ಗೆ ಒಂದು ಗಂಟೆ ಬಿಡುವಿದ್ದರೆ ಮಿರ್ಜಾನ ಕೋಟೆಗೆ ಹೋಗಿ ಬನ್ನಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲಕ್ಕೆ ಕಾಳುಮೆಣಸಿನ ವ್ಯಾಪಾರ ನಡೆದ ಜಾಗ. ಚಿರೆಕಲ್ಲಿನ ಗೋಡೆ, ಪಾಚಿ, ನಡುವೆ ಬಾವಿಗಳು.

ನಮ್ಮ ಮನೆಯಲ್ಲಿ ಉಳಿದವರು ಬರುವ ಹೊತ್ತಿಗೆ ಅತ್ತೆ ಬಚ್ಚಲ ಹಂಡೆಗೆ ಉರಿ ಹಾಕಿರುತ್ತಾರೆ. ಮೊದಲು ಬಿಸಿನೀರು, ಆಮೇಲೆ ಗಂಜಿ, ಅಪ್ಪೆಹುಳಿ. ನಾಳೆಯೂ ಅಳಿವೆಗೆ ಹೋಗೋಣ ಅಂತ ಮಕ್ಕಳು ಹಟ ಹಿಡಿದರೆ ಜಗಲಿಯಲ್ಲಿ ಕೂತ ಅತ್ತೆ ಅಲ್ಲಿಂದಲೇ ಹೇಳುತ್ತಾರೆ: "ಹೋಪಲಕ್ಕು. ನಾಳೆ ಇಳಿತ ಮುಕ್ಕಾಲು ತಾಸು ತಡ."